ಹಡಗಜ್ಜನ ವಾಚಿಗೆ ನಾನಿಟ್ಟ ಕುಂಕುಮ

ಸಿಟ್ಟು ಬಂದಾಗ ಕೈ ನಡುಗುವವರು ವಾಚಿನ ಕೆಲಸಕ್ಕೆ ಬರಬಾರದು. ನನಗೆ ಸಿಟ್ಟು ಬಂದರೆ ಕೈ ಕಲ್ಲಿನಂತೆ ನಿಲ್ಲುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ನನ್ನ ಮೊಮ್ಮಗಳು ಮಲಗಿದ್ದಾಳೆ. ಬಂಗಾರದ ಗೊಂಬೆ! ಹೊಟ್ಟೆ ತುಂಬಿದ್ದರೆ ನಿದ್ದೆಯಲ್ಲೇ ನಗುತ್ತಾಳೆ, ಕೈ ಮುಷ್ಟಿ ಬಿಡಿಸಿದರೆ ಒಳಗೆ ಬೆವರಿನ ಪರಿಮಳ. ಅವಳ ಮುಖ ನೋಡಿದರೆ ಲೋಕದ ಮೇಲಿನ ಸಿಟ್ಟೆಲ್ಲ ಇಳಿಯುತ್ತದೆ. ಹಳೆಯ ವಾಚು ಸಂಗ್ರಹ ಮಾಡುವ ಆ ಮಹಾನುಭಾವರ ಮೇಲಿನದು ಮಾತ್ರ ಇಳಿದಿಲ್ಲ. "ಅಮ್ಮಾ, ಬರೆದಾದ್ರೂ ಬಿಡು, ನಮ್ಮ ತಲೆ ತಿನ್ಬೇಡ" ಎಂದು ಮಗಳೇ ಪೆನ್ನು ಕೊಟ್ಟಳು. ಶಾಲೆಗೆ ಹೆಚ್ಚು ಹೋದವಳಲ್ಲ ನಾನು. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ಸಿಡ್ನಿಯ ಲಿವರ್‌ಪೂಲಿನಲ್ಲಿ, ಸ್ಟೇಷನ್ ದಾರಿಯ ಆರ್ಕೇಡಿನೊಳಗೆ ನಮ್ಮ ಅಂಗಡಿ. ಬೀಗದ ಕೈ ಮಾಡಿಕೊಡುವುದು, ವಾಚಿಗೆ ಸೆಲ್ ಹಾಕುವುದು, ಪಟ್ಟಿ ಬದಲಿಸುವುದು ದಿನದ ಕೆಲಸ. ಅಂಗಡಿಯ ಯಜಮಾನರು ಮಂಗಳೂರಿನ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಕೀಲಿ ಕೊಡುವ ವಾಚು ಬಂದರೆ ಅದು ನನ್ನ ಬೆಂಚಿಗೆ. ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಜೋಡಣೆಯ ಸಾಲಿನಲ್ಲಿ ಕೂತು ಕಲಿತ ಕೆಲಸ, ಕೈ ಮರೆತಿರಲಿಲ್ಲ. ಆದರೆ ಸಾವಿರದ ಒಂಬೈನೂರ ತೊಂಬತ್ತರ ಈ ಕಾಲದಲ್ಲಿ ಕೀಲಿ ಕೊಡುವ ವಾಚು ಯಾರ ಕೈಯಲ್ಲಿರುತ್ತದೆ?

ಒಬ್ಬರ ಕೈಯಲ್ಲಿತ್ತು. ಕಪ್ಪು ಕನ್ನಡಕ, ಬಿಳಿ ಕೋಲು, ಬಿಸಿಲಿಗೆ ಸುಟ್ಟು ಕೆಂಪಾದ ಮೂಗು. ಚಿಕ್ಕಂದಿನಿಂದ ಸರಕು ಹಡಗುಗಳಲ್ಲಿ ದುಡಿದು, ಸೆಕೆಂಡ್ ಮೇಟ್ ಎಂಬ ಅಧಿಕಾರಿಯಾಗಿ ನಿವೃತ್ತರಾದ ಆಸ್ಟ್ರೇಲಿಯಾದ ಮುದುಕರು. ಕಣ್ಣು ಪೂರ್ತಿ ಹೋಗಿತ್ತು. ಮನೆಯಲ್ಲಿ ಒಬ್ಬರೇ. ನಾನು ಅವರನ್ನು ಹಡಗಜ್ಜ ಎಂದೇ ಕರೆಯುತ್ತಿದ್ದೆ, ಅವರಿಗೆ ಅರ್ಥವಾಗದಿದ್ದರೂ. ಅವರ ಇಂಗ್ಲಿಷನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ.

"ಇದು ನಿಂತುಹೋಗಿದೆ. ಮುಳ್ಳು ನೋಡೋಕೆ ನನಗೆ ಕಣ್ಣಿಲ್ಲ ಅಂತ ನೀನು ನಗಬಹುದು."

"ನಾನ್ಯಾಕೆ ನಗ್ಲಿ ಸರ್?"

"ಹಡಗಿನಲ್ಲಿ ಯಾವ ಹೊತ್ತಿನಲ್ಲೂ ಯಾರಾದರೊಬ್ಬರು ಎಚ್ಚರ ಇರುತ್ತಾರೆ, ಅದಕ್ಕೇ ಉಳಿದವರಿಗೆ ನಿದ್ದೆ ಬರೋದು. ಈಗ ಮನೆಯಲ್ಲಿ ಎಚ್ಚರ ಇರೋದು ಇದೊಂದೇ. ದಿಂಬಿನ ಪಕ್ಕ ಟಿಕ್ ಟಿಕ್ ಅನ್ನಬೇಕು. ಅಷ್ಟು ಮಾಡಿಕೊಡು."

ಅಷ್ಟೇ ಅವರು ಕೇಳಿದ್ದು. ಮುಂದೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮಿಕ್ಕವರೆಲ್ಲ ಮರೆತರು.

ಬೆನ್ನಿನ ಮುಚ್ಚಳ ತೆಗೆದು ಕಣ್ಣಿಗೆ ಲೂಪ್ ಎನ್ನುವ ಪುಟ್ಟ ಭೂತಗನ್ನಡಿ ಹಾಕಿಕೊಂಡೆ. ಅದು ಕ್ರೋನೋಮೀಟರ್. ಎಂದರೆ, ಮಲಗಿಸಿ, ನಿಲ್ಲಿಸಿ, ಚಳಿಯಲ್ಲಿಟ್ಟು, ಬಿಸಿಯಲ್ಲಿಟ್ಟು, ಹೇಗಿಟ್ಟರೂ ಹೊತ್ತು ತಪ್ಪುವುದಿಲ್ಲ ಎಂದು ಪರೀಕ್ಷೆಯಲ್ಲಿ ಪಾಸಾದ ವಾಚು. ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ಚಕ್ರದ ಅಂಚಿನ ಸುತ್ತ ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಕೂದಲಿನಂಥ ಸ್ಪ್ರಿಂಗು ಕೊನೆಯಲ್ಲಿ ಮೇಲೆದ್ದು ಬಾಗಿತ್ತು, ಅದನ್ನು ಯಾರೋ ಕೈಯಲ್ಲೇ ಬಾಗಿಸಿದ್ದರು. ಯಾವುದೂ ಮುರಿದಿರಲಿಲ್ಲ. ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೇ ರೋಗ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಕೊಟ್ಟು ಜೋಡಿಸಿದರೆ ಇನ್ನೊಂದು ಆಯುಷ್ಯ ಓಡುತ್ತದೆ.

ಆಗ ಬಂದರು ಡಾಕ್ಟರು. ಮೈಸೂರಿನವರು, ನಮ್ಮ ಕನ್ನಡದವರು, ಒಳ್ಳೆಯ ಹೆಸರು ಮಾಡಿದವರು. ಹಳೆಯ ವಾಚುಗಳ ಹುಚ್ಚು. ಸೆಲ್ ಹಾಕಿಸಿದ್ದ ಹೆಂಡತಿಯ ವಾಚು ಒಯ್ಯಲು ಬಂದವರು ನನ್ನ ಬೆಂಚಿನ ಮೇಲೆ ಬಗ್ಗಿದರು.

"ಆಂಟಿ! ಸ್ಟಾಪ್, ಸ್ಟಾಪ್! ಇದು ಎಲ್ಲಿ ಸಿಕ್ತು?"

"ಸಿಗೋದೇನು, ರಿಪೇರಿಗೆ ಬಂದಿದೆ."

"ಕ್ಲೀನ್ ಮಾಡಿಬಿಟ್ರಾ?"

"ಇಲ್ಲ, ಈಗ ಬಿಚ್ತಾ ಇದ್ದೆ."

"ಸದ್ಯ! ಮುಟ್ಟಲೇಬೇಡಿ. ಒಂದು ತೊಟ್ಟು ನೀರು, ಪೆಟ್ರೋಲು, ಏನೂ ತಾಗಿಸ್ಬೇಡಿ. ಇಂಥದ್ದು ಈ ದೇಶದಲ್ಲಿ ಇನ್ನೊಂದೇ ಇರೋದು, ಮೆಲ್ಬೋರ್ನಲ್ಲಿ ನಮ್ಮ ವಾಚ್ ಕ್ಲಬ್ಬಿನವರೊಬ್ಬರ ಹತ್ರ."

ಯಜಮಾನರು ಬೀಗದ ಕೈ ಉಜ್ಜುತ್ತಲೇ ಹೇಳಿದರು, "ಎಂತ ಡಾಕ್ಟ್ರೇ, ನಿಂತದ್ದು ವಾಚಲ್ವಾ? ನಿಮ್ಮ ಹಾರ್ಟ್ ಯಾಕೆ ನಿಲ್ತದೆ?"

ಡಾಕ್ಟರು ನಗಲಿಲ್ಲ. ಹಡಗಜ್ಜನಿಗೆ ಅಲ್ಲಿಂದಲೇ ಫೋನ್ ಮಾಡಿದರು. ಮೆಲ್ಬೋರ್ನಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಸಂಶೋಧನೆ ಮಾಡುತ್ತೇವೆ, ನಿಮ್ಮ ವಾಚಿನ ಪೂರ್ವಾಪರ ತಿಳಿಸುತ್ತೇವೆ, ಎರಡೇ ವಾರ ಎಂದರು. ಅಜ್ಜನಿಗೂ ಅದನ್ನು ತಮಗೆ ಕೊಟ್ಟ ಹಡಗಿನ ಕ್ಯಾಪ್ಟನ್ನಿಗೆ ಎಲ್ಲಿಂದ ಬಂತು ಎಂಬ ಕುತೂಹಲ. ಒಪ್ಪಿಕೊಂಡರು. ವಾರಾಂತ್ಯಕ್ಕೆ ಬಂದು ಒಯ್ಯುತ್ತೇನೆಂದು ಹೇಳಿ ಡಾಕ್ಟರು ಹೋದರು. ನಾನು ಮುಚ್ಚಳ ಹಾಕಿ, ಡಬ್ಬಿಯಲ್ಲಿ ಬೋರಲು ಮಲಗಿಸಿ ಬೆಂಚಿನ ಮೇಲೆ ಇಟ್ಟೆ.

ನಡುವೆ ಆಯುಧ ಪೂಜೆ ಬಂತು. ಫ್ಯಾಕ್ಟರಿಯಲ್ಲಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಬೆಂಚು ಒರೆಸಿ, ಚಿಮಟ, ಸ್ಕ್ರೂಡ್ರೈವರು, ಸಣ್ಣ ಲೇತು ಎಲ್ಲವನ್ನೂ ಸಾಲಾಗಿ ಇಟ್ಟು, ಕುಂಕುಮ ನೀರಿನಲ್ಲಿ ಕಲಸಿ ಉಂಗುರ ಬೆರಳಿನಿಂದ ಒಂದೊಂದು ಬೊಟ್ಟು ಇಟ್ಟೆ. ಯಜಮಾನರು ಬೀಗದ ಕೈ ಕೊರೆಯುವ ಮೆಷಿನ್ ತೋರಿಸಿ, "ಇದಕ್ಕೂ ಒಂದು ಹಾಕಿ ಅಕ್ಕ, ನಮ್ಮ ದೇವರು ಬೇಜಾರು ಮಾಡ್ಲಿಕ್ಕಿಲ್ಲ" ಎಂದರು. ಅದಕ್ಕೂ ಹಾಕಿದೆ. ಅಜ್ಜನ ವಾಚು ಡಬ್ಬಿಯಲ್ಲಿ ಬೋರಲು ಮಲಗಿತ್ತು. ಹಡಗಿನಲ್ಲಿ ದುಡಿದ ಸಾಮಾನು ಅದು, ಬಿಡಲು ಮನಸ್ಸಾಗಲಿಲ್ಲ. ಅದರ ಬೆನ್ನಿಗೂ ಸಣ್ಣದೊಂದು ಬೊಟ್ಟು.

ಬೆನ್ನಿನ ಮೇಲೆ ಕೊರೆದ ನಂಬರು ಇತ್ತು. ಮಾರನೆಯ ದಿನ ಒಣ ಬಟ್ಟೆಯಲ್ಲಿ ಒರೆಸಿದೆ. ಅಂಕಿಗಳ ಹಳ್ಳದಲ್ಲಿ ಕೆಂಪು ಉಳಿಯಿತು. ಬ್ರಷ್ಷು, ಸೋಪು ತಾಗಿಸಿದ್ದರೆ ಆಗಲೇ ಹೋಗುತ್ತಿತ್ತು. ಆದರೆ ಡಾಕ್ಟರ ಅಪ್ಪಣೆ ಇತ್ತಲ್ಲ, ನೀರು ತಾಗಿಸಬೇಡಿ ಎಂದು! ಸರ್ವಿಸ್ ಮಾಡುವಾಗ ಹೋದೀತು ಎಂದು ಬಿಟ್ಟೆ. ವಾರಾಂತ್ಯಕ್ಕೆ ಡಾಕ್ಟರು ಬಂದು ಹಾಗೆಯೇ ಒಯ್ದರು.

ಎರಡು ವಾರ ಕಳೆಯಿತು. ತಿಂಗಳು ಕಳೆಯಿತು. ಹಡಗಜ್ಜ ವಾರ ವಾರ ಬಸ್ಸು ಹಿಡಿದು ಬಂದು, ಕೋಲು ಬಾಗಿಲಿಗೆ ತಾಗಿಸಿ, "ನನ್ನ ಕಾವಲುಗಾರ ಬಂದನಾ?" ಎನ್ನುವರು. ಇಲ್ಲ ಎಂದು ಹೇಳುವ ಕೆಲಸ ನನ್ನದು. ಡಾಕ್ಟರಿಗೆ ಫೋನ್ ಮಾಡಿದರೆ ಒಂದು ಸಲ ಆಪರೇಷನ್, ಒಂದು ಸಲ ಕಾನ್ಫರೆನ್ಸು. ಕೊನೆಗೊಮ್ಮೆ ಸಿಕ್ಕರು, ದನಿಯಲ್ಲಿ ಸಂಭ್ರಮ.

"ಆಂಟಿ, ಗ್ರೇಟ್ ನ್ಯೂಸ್! ನಂಬರ್ ಒಳಗೆ ರೆಡ್ ಲ್ಯಾಕರ್ ಪೇಂಟ್ ಇದೆ, ನೋಡಿದ್ರಾ? ಪರೀಕ್ಷೆಗೆ ಕಳಿಸಿದ ಮೊದಲನೇ ಬ್ಯಾಚಿಗೆ ಮಾತ್ರ ಕೆಂಪು ತುಂಬ್ತಿದ್ರು ಅಂತ ಮೆಲ್ಬೋರ್ನಿನವರ ಥಿಯರಿ. ಮ್ಯಾಗಜಿನ್‌ಗೆ ಬರೆದೂಬಿಟ್ರು."

ನನಗೆ ನಗು ತಡೆಯಲಾಗಲಿಲ್ಲ. "ಡಾಕ್ಟ್ರೇ, ಅದು ಕುಂಕುಮ. ಆಯುಧ ಪೂಜೆ ದಿನ ನಾನು ಇಟ್ಟಿದ್ದು."

"ಕುಂಕುಮಾನಾ?"

"ಹೂಂ, ಕುಂಕುಮ. ಮೈಸೂರಿನೋರು ನೀವು. ದಸರಾ ಊರಿನೋರಿಗೆ ನಾನು ಹೇಳ್ಕೊಡ್ಬೇಕಾ?"

"ಆಯ್ತು ಆಂಟಿ. ನಾನು ಅವರಿಗೆ ಹೇಳ್ತೀನಿ. ನೀವು ಎಲ್ಲೂ ಮಾತಾಡ್ಬೇಡಿ."

ಹೇಳಲಿಲ್ಲ. ಮತ್ತೆ ಕೇಳಿದರೆ, "ಸರಿಯಾದ ಟೈಮ್ ನೋಡಿ ಹೇಳ್ಬೇಕು ಆಂಟಿ. ಈಗ ಹೇಳಿದ್ರೆ ನನ್ನನ್ನ ನೋಡಿ ನಗ್ತಾರೆ. ನಾನೇ ಫೋಟೋ ತೆಗೆದು ಕಳಿಸಿದ್ದು" ಎಂದರು. ನನಗೆ ಮೊದಲ ಸಲ ಮೈ ಉರಿದದ್ದು ಆಗ. ಗೊತ್ತಿಲ್ಲದವರು ತಪ್ಪು ತಿಳಿದರೆ ಅದೇನು ದೊಡ್ಡದಲ್ಲ. ಇವರಿಗೆ ಗೊತ್ತು! ಇವರ ಅಮ್ಮ ಇವರ ಸೈಕಲ್ಲಿಗೆ ಕುಂಕುಮ ಇಟ್ಟಿರುತ್ತಾರೆ, ನಿಂಬೆಹಣ್ಣು ಒಡೆಸಿರುತ್ತಾರೆ. ಅದನ್ನು ಬಿಳಿಯರ ಮುಂದೆ ಹೇಳಲು ನಾಚಿಕೆ, ಅದಕ್ಕೋಸ್ಕರ ಕುರುಡರೊಬ್ಬರು ಮನೆಯಲ್ಲಿ ಸದ್ದಿಲ್ಲದೆ ಕೂತಿರಬೇಕು.

ಬೇಸಿಗೆ ಬಂತು. ಮಗಳಿಗೆ ದಿನ ತುಂಬಿತು. ಬಾಣಂತನಕ್ಕೆ ನಾನು ಮೆಲ್ಬೋರ್ನಿಗೆ ಹೊರಟೆ. ಮಗಳು-ಅಳಿಯ ಅಲ್ಲಿಯ ಕ್ರಾನ್‌ಬರ್ನಿನಲ್ಲಿ ಹೊಸದಾಗಿ ಮಾರ್ಟ್‌ಗೇಜ್ ಸಾಲ ತೆಗೆದು ಮನೆ ಕೊಂಡಿದ್ದರು. ಅಂಗಡಿಯ ಕೆಲಸ ಪೂರ್ತಿ ನಿಲ್ಲಬಾರದು, ವಾಚುಗಳನ್ನು ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದು ಯಜಮಾನರು ನನ್ನ ಸಾಮಾನಿನ ಪೆಟ್ಟಿಗೆಯನ್ನೂ ಕಟ್ಟಿಕೊಟ್ಟರು.

ಕೂಸು ಹುಟ್ಟಿತು. ಏನು ಹೇಳಲಿ! ನರ್ಸು ತಂದು ನನ್ನ ಕೈಗಿಟ್ಟಾಗ ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತುಬಿಟ್ಟೆ, ಗೊತ್ತಿಲ್ಲದ ಒಬ್ಬ ಹೆಂಗಸನ್ನು ತಬ್ಬಿಕೊಂಡೆ. ಆಕೆಯೂ ತಬ್ಬಿಕೊಂಡಳು, ಯಾವ ದೇಶದವಳೋ. ಅಂಥ ಮೂಗು, ಅಂಥ ಹುಬ್ಬು! ಮನೆಗೆ ಬಂದ ಮೇಲೆ ದಿನಾ ಎಣ್ಣೆ ತಿಕ್ಕಿ ಎರೆಯುವುದು, ಸಾಂಬ್ರಾಣಿ ಹೊಗೆ, ಬಾಣಂತಿಗೆ ಮೆಣಸಿನ ಸಾರು. ಹೊಗೆಗೆ ಸ್ಮೋಕ್ ಅಲಾರ್ಮು ಬಡಿದುಕೊಂಡರೆ ಅಳಿಯ ಟವೆಲು ಬೀಸುತ್ತ ಓಡಿ ಬರುವನು. ಆ ದಿನಗಳಲ್ಲಿ ನನಗೆ ಯಾವ ವಾಚೂ ನೆನಪಿರಲಿಲ್ಲ.

ನೆನಪು ಮಾಡಿದ್ದು ಯಜಮಾನರ ಫೋನು.

"ಅಕ್ಕ, ನಿಮ್ಮ ಹಡಗಜ್ಜ ಬಾತ್‌ರೂಮಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ದಾರೆ. ಇಲ್ಲೇ ಲಿವರ್‌ಪೂಲ್ ಆಸ್ಪತ್ರೆಯಲ್ಲಿ. ನಾನು ನೋಡ್ಲಿಕ್ಕೆ ಹೋಗಿದ್ದೆ. ಎಂತ ಬೇಕು ಕೇಳಿದೆ. ವಾಚು ಬೇಕಂತೆ. ಬೇರೆ ಎಂತದೂ ಬೇಡಂತೆ."

ಡಾಕ್ಟರಿಗೆ ಫೋನ್ ಮಾಡಿದೆ. ಆ ಶನಿವಾರವೇ ಮೆಲ್ಬೋರ್ನಿನವರ ಮನೆಯಲ್ಲಿ ಕ್ಲಬ್ಬಿನ ಸಭೆ, ತಾವೂ ಬರುತ್ತಿದ್ದೇವೆ, ಅಲ್ಲಿ ಮಾತಾಡಿ ನೋಡುತ್ತೇವೆ ಎಂದರು. "ನೋಡೋದೇನು? ವಿಳಾಸ ಹೇಳಿ" ಎಂದೆ. ಹೇಳಬೇಕಾಯಿತು.

ಶನಿವಾರ ಬಂತು. ಪುರುಡು ಕಳೆದಿತ್ತು, ಮಾರನೆಯ ದಿನ ಭಾನುವಾರ ನಾಮಕರಣ. ಮಾಡಲು ರಾಶಿ ಕೆಲಸ. "ಬಾಣಂತಿ ಬಿಟ್ಟು ಎಲ್ಲಿಗಮ್ಮ?" ಎಂದಳು ಮಗಳು. "ಒಂದು ವಾಚು ಬಿಡಿಸ್ಕೊಂಡು ಬರ್ತೀನಿ" ಎಂದೆ. ಅಳಿಯ ಕಾರು ತೆಗೆದ. ದಾರಿಯಲ್ಲಿ, "ಅತ್ತೆ, ಅಲ್ಲಿ ಜಗಳ ಆಡ್ಬೇಡಿ, ಪ್ಲೀಸ್. ಇಲ್ಲಿಯವರು ಜೋರಾಗಿ ಮಾತಾಡಿದ್ರೆ ಪೊಲೀಸರನ್ನ ಕರೀತಾರೆ" ಎಂದ. "ಕರೀಲಿ, ಅವರಿಗೂ ಹೇಳ್ತೀನಿ" ಎಂದೆ.

ದೊಡ್ಡ ಮನೆ, ಕೋಣೆಯ ತುಂಬ ಗಡಿಯಾರಗಳು, ಒಂದೂ ಓಡುತ್ತಿರಲಿಲ್ಲ. ಸದ್ದಿಲ್ಲದ ಗಡಿಯಾರಗಳ ನಡುವೆ ಏಳೆಂಟು ಜನ ಚಹಾ ಕುಡಿಯುತ್ತಿದ್ದರು. ಮೆಲ್ಬೋರ್ನಿನ ಮಹಾಶಯರು ಮೃದು ಮಾತಿನವರು. ನನ್ನನ್ನು ಕೂರಿಸಿದರು, ಬಿಸ್ಕತ್ತು ಕೊಟ್ಟರು. ಹಸಿರು ಬಟ್ಟೆಯ ಮೇಲೆ ಎರಡು ವಾಚುಗಳು ಬೋರಲು ಮಲಗಿದ್ದವು.

ಎರಡರ ಅಂಕಿಯಲ್ಲೂ ಕೆಂಪು.

ಒಂದಕ್ಕೆ ನಾನಿಟ್ಟೆ, ಇನ್ನೊಂದಕ್ಕೆ ಯಾರಿಟ್ಟರು? ಆ ಮಹಾಶಯರೇ ವಿವರಿಸಿದರು: ತಮ್ಮ ವಾಚಿನ ಕೆಂಪು ಕಾಲಾಂತರದಲ್ಲಿ ಅಳಿಸಿಹೋಗಿರಬೇಕು, ಆದ್ದರಿಂದ ಅದನ್ನು ಮೂಲದಂತೆ ಮಾಡಲು ಒಳ್ಳೆಯ ಕೈಯಿಂದ ಕೆಂಪು ಲ್ಯಾಕರ್ ತುಂಬಿಸಿ, ಕಾಯಿಸಿ ಗಟ್ಟಿ ಮಾಡಿಸಿದ್ದಾರೆ. ನನ್ನ ಬೊಟ್ಟನ್ನು ನೋಡಿ ತಮ್ಮ ಅಪರೂಪದ ವಾಚಿಗೆ ಬಣ್ಣ ಬಳಿಸಿಕೊಂಡಿದ್ದರು! ಡಾಕ್ಟರು ಪಕ್ಕದಲ್ಲೇ ಕೂತು ಕಪ್ಪಿನೊಳಗೆ ನೋಡುತ್ತಿದ್ದರು. ಒಂದು ಮಾತು ಆಗಲೇ ಹೇಳಿದ್ದರೆ ಆ ವಾಚು ಉಳಿಯುತ್ತಿತ್ತು.

ಎದ್ದು ನಿಂತೆ. ನನ್ನ ಮುರುಕು ಇಂಗ್ಲಿಷಿನಲ್ಲೇ ಹೇಳಿದೆ, "ಸರ್, ಇದು ಪೇಂಟ್ ಅಲ್ಲ. ಇದು ಕುಂಕುಮ. ನನ್ನ ಕೈಯಿಂದ." ಹಣೆ ಮುಟ್ಟಿ ತೋರಿಸಿದೆ.

ಅವರು ಮುಗುಳ್ನಕ್ಕರು. "ಎಷ್ಟು ಚೆಂದದ ಪದ್ಧತಿ, ಡಿಯರ್. ಆದರೆ ಇದನ್ನು ನಾವು ದೊಡ್ಡ ಭೂತಗನ್ನಡಿಯಲ್ಲಿ ನೋಡಿದ್ದೇವೆ." ಇನ್ನೊಂದು ಬಿಸ್ಕತ್ತು ಮುಂದೆ ಮಾಡಿದರು.

ಡಾಕ್ಟರ ಕಡೆ ತಿರುಗಿದೆ. "ಡಾಕ್ಟ್ರೇ, ನೀವು ಹೇಳಿ."

"ಆಂಟಿ, ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಯಾವಾಗ? ನಾಳೆ ನನ್ನ ಮೊಮ್ಮಗಳ ನಾಮಕರಣ. ನೀವೂ ಬನ್ನಿ. ಬಂದೋರಿಗೆಲ್ಲ ಅರಿಶಿನ ಕುಂಕುಮ ಕೊಡ್ತೀನಿ. ಅದನ್ನೂ ಲ್ಯಾಕರ್ ಅಂತೀರಾ?"

ಅವರ ಮುಖ ಕೆಂಪಾಯಿತು. ಅಳಿಯ ನನ್ನ ಸೆರಗು ಮೆಲ್ಲಗೆ ಎಳೆದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಯಾವುದೋ ಹಕ್ಕಿ ಒಳಗೆ ಬಂದಿದೆ, ಯಾವಾಗ ಹಾರಿಹೋಗುತ್ತದೆ ಎನ್ನುವಂತೆ. ಇನ್ನೂ ಕೂಗಾಡಬಹುದಿತ್ತು. ಬಾಯಿಗೆ ಬಂದಿದ್ದೂ ಅದೇ. ಆದರೆ ಆ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು: ಇವರು ನಂಬಿದರೆಷ್ಟು, ಬಿಟ್ಟರೆಷ್ಟು? ಆಸ್ಪತ್ರೆಯಲ್ಲಿ ಮಲಗಿದವರು ಕೇಳಿದ್ದು ಕೆಂಪಿನ ಕಥೆಯನ್ನಲ್ಲ. ನಾನು ಗೆದ್ದರೆ ನನಗೆ ಖುಷಿ. ಅಜ್ಜನಿಗೇನು ಸಿಗುತ್ತದೆ?

"ಸರಿ, ಬಿಡಿ" ಎಂದೆ ಕನ್ನಡದಲ್ಲೇ. "ಥಿಯರಿ ನಿಮ್ಮದು, ಫೋಟೋ ನಿಮ್ಮದು, ಮ್ಯಾಗಜಿನ್ ನಿಮ್ಮದು. ಕೆಂಪು ಏನು ಬೇಕಾದ್ರೂ ಅನ್ಕೊಳ್ಳಿ, ನಾನು ಇನ್ನು ತುಟಿ ಬಿಚ್ಚಲ್ಲ. ವಾಚು ಕೊಡಿ. ಸೊಂಟ ಮುರಿದು ಬಿದ್ದಿರೋ ಮನುಷ್ಯ ಕೇಳ್ತಿದ್ದಾರೆ. ಎರಡು ವಾರಕ್ಕೆ ಅಂತ ಇಸ್ಕೊಂಡೋರು ನೀವು, ಅವರಲ್ಲ."

ಮಹಾಶಯರಿಗೆ ಅದು ಅರ್ಥವಾಗಲಿಲ್ಲ. ಕೈ ಮಾತ್ರ ಹಸಿರು ಬಟ್ಟೆಯ ಅಂಚಿನ ಮೇಲೆ ಬಂದು ಕೂತಿತು. ಡಾಕ್ಟರು ಕಪ್ಪು ಕೆಳಗಿಟ್ಟರು. ಎದ್ದು ಹೋಗಿ ಅಜ್ಜನ ವಾಚನ್ನು ತೆಗೆದುಕೊಂಡರು. ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದರು: "ಇದನ್ನು ಕೇಳಿ ತಂದವನು ನಾನು. ವಾಪಸ್ ಕೊಡುವವನೂ ನಾನೇ." ಮಹಾಶಯರು ಸಂಶೋಧನೆ ಮುಗಿದಿಲ್ಲ, ಓಡಿಸಿದರೆ ಹಾಳಾಗುತ್ತದೆ, ತೊಳೆದರೆ ಸಾಕ್ಷಿ ಹೋಗುತ್ತದೆ ಎಂದು ಹೇಳುತ್ತಲೇ ಇದ್ದರು. ಡಾಕ್ಟರು ನನ್ನ ಅಂಗೈ ಮೇಲೆ ಇಟ್ಟರು.

ಗೇಟಿನವರೆಗೆ ಬಂದರು. "ಆಂಟಿ, ನಮ್ಮಮ್ಮ ನನ್ನ ಸ್ಕೂಟರಿಗೆ ಇಡ್ತಿದ್ರು. ಹೆಡ್‌ಲೈಟ್ ಮೇಲೆ" ಎಂದರು. ಕಾರಿನ ಬಾಗಿಲು ತೆಗೆದುಕೊಟ್ಟು, "ಆ ನಂಬರ್ ಮಾತ್ರ ತೊಳೀಬೇಡಿ, ಪ್ಲೀಸ್" ಎಂದರು.

ಮೊದಲ ಮಾತಿಗೆ ಕರಗಿದ್ದೆ. ಎರಡನೆಯದಕ್ಕೆ ಕಾರಿನ ಬಾಗಿಲು ಹಾಕಿಕೊಂಡೆ.

ನಾಮಕರಣ ಚೆನ್ನಾಗಿ ನಡೆಯಿತು. ಡಾಕ್ಟರು ಬರಲಿಲ್ಲ. ಸೋಮವಾರ ಅಳಿಯನ ಕಾರನ್ನು ಹೊರಗೆ ನಿಲ್ಲಿಸಿ ಗರಾಜಿನಲ್ಲಿ ಕೆಲಸಕ್ಕೆ ಕೂತೆ, ಚಕ್ರ ತೊಳೆಯುವ ಪೆಟ್ರೋಲಿನ ವಾಸನೆ ಕೂಸಿಗೆ ತಾಗಬಾರದೆಂದು. ಮುಚ್ಚಳ ತೆಗೆದೆ. ಸೇತುವೆ ಎಂದು ನಾವು ಕರೆಯುವ ಪಟ್ಟಿಯ ಮೇಲೆ, ಹೊಳೆಯುವ ಲೋಹದಲ್ಲಿ, ಹೆಬ್ಬೆರಳಿನ ಗುರುತು! ನನ್ನ ಬೆಂಚಿನಿಂದ ಹೋಗುವಾಗ ಅದು ಇರಲಿಲ್ಲ. ಫ್ಯಾಕ್ಟರಿಯಲ್ಲಿ ನಾವು ಬೆರಳಿಗೆ ರಬ್ಬರ್ ಟೋಪಿ ಹಾಕದೆ ಒಂದು ಸ್ಕ್ರೂ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಮುಟ್ಟಬೇಡಿ ಎಂದು ನನ್ನ ಕೈ ಕಟ್ಟಿದವರು ಬರಿಗೈಯಲ್ಲಿ ಒತ್ತಿ ನೋಡಿದ್ದಾರೆ. ಬೆವರಿನ ಉಪ್ಪು ಲೋಹವನ್ನು ತಿಂದಿತ್ತು. ಎಷ್ಟು ಒರೆಸಿದರೂ ಪೂರ್ತಿ ಹೋಗಲಿಲ್ಲ. ಅದು ಯಾರ ಹೆಬ್ಬೆರಳೋ, ಅವರ ಸಂಶೋಧನೆಯಿಂದ ಆ ವಾಚಿಗೆ ಸಿಕ್ಕಿದ್ದು ಅದೊಂದೇ.

ಬೈಯುತ್ತಲೇ ಬಿಚ್ಚಿದೆ. ಬ್ಯಾಲೆನ್ಸ್ ತೆಗೆದು ಬೇರೆ ಇಟ್ಟೆ. ಚಕ್ರಗಳನ್ನು ಒಂದೊಂದಾಗಿ ಗಾಜಿನ ಬಟ್ಟಲಿನಲ್ಲಿ ಅದ್ದಿ, ಚಕ್ರದ ಅಚ್ಚು ಕೂರುವ ಹರಳುಕಲ್ಲಿನ ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ತಿರುವಿ ತಿರುವಿ ಕಪ್ಪು ಅಂಟು ತೆಗೆದೆ. ಅಚ್ಚುಗಳ ತುದಿ ಸವೆದಿರಲಿಲ್ಲ, ಪುಣ್ಯ. ಸೂಜಿಯ ಮೊನೆಯಲ್ಲಿ ಎಣ್ಣೆ ತೆಗೆದು ಒಂದೊಂದು ಕಲ್ಲಿಗೆ ಕಣ್ಣಿಗೆ ಕಾಣುವಷ್ಟು ಮಾತ್ರ. ಹೆಚ್ಚಾದರೆ ಹರಿದುಹೋಗುತ್ತದೆ, ಕಡಿಮೆಯಾದರೆ ಮತ್ತೆ ಒಣಗುತ್ತದೆ. ಜೋಡಿಸಿ, ಬ್ಯಾಲೆನ್ಸ್ ಇಳಿಸಿ, ಕೀಲಿ ಕೊಟ್ಟೆ. ಚಕ್ರ ಒಂದು ಸಲ ಹಿಂಜರಿದು, ಆಮೇಲೆ ತೂಗತೊಡಗಿತು. ಫೋನಿನಲ್ಲಿ ಹೊತ್ತು ಹೇಳುವ ನಂಬರಿಗೆ ಕರೆ ಮಾಡಿ ಮಾಡಿ ಕೆಲವು ದಿನ ತಾಳೆ ನೋಡಿದೆ, ಮಲಗಿಸಿ, ನಿಲ್ಲಿಸಿ. ವೇಗ ಹೆಚ್ಚು ಕಡಿಮೆ ಮಾಡುವ ಕಡ್ಡಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಮುಚ್ಚಳವನ್ನು ಮಾತ್ರ ಕೊನೆಗೆ ಅಡುಗೆಮನೆಯ ಸಿಂಕಿಗೆ ಒಯ್ದು, ಸೋಪು ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ನೀರು ಗುಲಾಬಿ ಬಣ್ಣವಾಗಿ ಹರಿದುಹೋಯಿತು. ಮಗಳು, "ಅದೇನಾ ಆ ಸಾಕ್ಷಿ?" ಎಂದಳು. "ನಾನಿಟ್ಟಿದ್ದು, ನಾನು ತೊಳೆದೆ" ಎಂದೆ.

ಅಳಿಯನಿಗೆ ಚಾಟ್ಸ್‌ವುಡ್ ಆಫೀಸಿನಲ್ಲಿ ಮೀಟಿಂಗ್ ಇತ್ತು, ಮಾರನೆಯ ದಿನ ಸಿಡ್ನಿಗೆ ಹೊರಟಿದ್ದ. ಅವನ ಜೇಬಿನಲ್ಲಿ ವಾಚು ಕಳಿಸುವುದೆಂದು ಆಯಿತು. ಆದರೆ ಮಾರನೆಯ ದಿನದವರೆಗೆ ನನಗೆ ತಡೆಯಲಾಗಬೇಕಲ್ಲ! ಯಜಮಾನರಿಂದ ವಾರ್ಡಿನ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ನರ್ಸು ಫೋನನ್ನು ಅಜ್ಜನ ಕೈಗೆ ಕೊಟ್ಟಳು.

"ಯಾರು?" ದನಿ ಇಳಿದುಹೋಗಿತ್ತು.

"ವಾಚಿನ ಅಂಗಡಿ, ಸರ್. ಮಾತಾಡಬೇಡಿ, ಕೇಳಿ."

ರಿಸೀವರಿನ ಬಾಯಿಗೆ ವಾಚು ಒತ್ತಿ ಹಿಡಿದೆ. ನಾನೂ ಉಸಿರು ಬಿಗಿಹಿಡಿದು ನಿಂತೆ. ಕೇಳುತ್ತ ಕೇಳುತ್ತ ಅಜ್ಜ ಮಲಗಿಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ, ಇತ್ತ ತೊಟ್ಟಿಲಲ್ಲಿ ನನ್ನ ರಾಜಕುಮಾರಿ ಎದ್ದು ಕಿಟಾರನೆ ಕಿರುಚಿದಳು. ಓಡಿ ಹೋಗಿ ಎತ್ತಿ ಎದೆಗೊತ್ತಿಕೊಂಡು ಬಂದೆ.

"ಅದೇನು ಸದ್ದು?" ಎಂದರು ಅಜ್ಜ.

"ಸಾರಿ ಸರ್. ನನ್ನ ಮೊಮ್ಮಗಳು. ಹೊಸಬಳು."

"ಅದಕ್ಕೂ ಎಣ್ಣೆ ಹಾಕಿದ್ದೀಯಾ?"

"ದಿನಾ ಹಾಕ್ತೀನಿ. ತಲೆಯಿಂದ ಪಾದದವರೆಗೆ."

ಅವರು ನಕ್ಕರು. ನಗುವಾಗ ಸೊಂಟ ನೋಯಿತೇನೋ, ನಡುವೆ ನರಳಿದರು. ನಾನು ಫೋನು ಇಡಲು ಹೊರಟೆ.

"ಇಡಬೇಡ" ಎಂದರು. "ಎರಡನ್ನೂ ಹತ್ತಿರ ಹಿಡಿ."

ಹಿಡಿದೆ.